ಚಪ್ಪಲಿ ಕಾಯುವ ನಾಸ್ತಿಕ

ವಿದುರಾಶ್ವತ್ಥದ ಗುಡಿಯ ಮುಂದೆ ನನಗೊಂದು ಖಾಯಂ ಜಾಗವಿದೆ. ವರ್ಷಕ್ಕೆ ಎರಡು ಮೂರು ಸಲವಾದರೂ ಅತ್ತೆ, ನನ್ನ ಹೆಂಡತಿ, ನಾದಿನಿ, ಅವಳ ಮಗಳು ಇಷ್ಟು ಜನ ಹಾಲಿನ ತಂಬಿಗೆ, ಅರಿಶಿನ ಕುಂಕುಮ, ಬಾಳೆಹಣ್ಣು ಹಿಡಿದು ನಾಗರಕಲ್ಲುಗಳ ಕಡೆ ಹೋಗುತ್ತಾರೆ. ನಾನು ಹೊರಗೆ ನೆರಳಿನಲ್ಲಿ ಕೂತು ನಾಲ್ಕು ಜೊತೆ ಚಪ್ಪಲಿ ಕಾಯುತ್ತೇನೆ. ಸಾವಿರಾರು ನಾಗರಕಲ್ಲು ಇರುವ ಜಾಗ ಅದು. ಎಲ್ಲಕ್ಕೂ ಹಾಲೆರೆಯುವುದಿಲ್ಲ ನಿಜ, ಆದರೆ ಯಾವುದಕ್ಕೆ ಎರೆಯಬೇಕು ಎಂದು ಆರಿಸುವುದಕ್ಕೇ ಅತ್ತೆಗೆ ಅರ್ಧ ಗಂಟೆ ಬೇಕು.

ಹೋದ ಸಲ ಹೀಗೆ ಕೂತಿದ್ದಾಗ ಒಬ್ಬ ಹಿರಿಯರು ಬಂದು ನನ್ನನ್ನೂ ಚಪ್ಪಲಿಗಳನ್ನೂ ಒಮ್ಮೆ ನೋಡಿದರು. ತಲೆಗೆ ಟವಲು, ಕೈಯಲ್ಲಿ ತೆಂಗಿನಕಾಯಿ.

“ಯಾಕ್ ಸಾ, ಒಳಿಕ್ ಬರಲ್ವಾ? ಸೂತ್ಕವಾ?”

ಗುಡಿಯವರೆಗೂ ಬಂದ ಮನುಷ್ಯ ಒಳಗೆ ಹೋಗದೆ ಕೂತಿದ್ದಾನೆ ಎಂದರೆ ಅವರಿಗೆ ಹೊಳೆಯುವ ಕಾರಣ ಅದೊಂದೇ. ನಾನೂ “ಹೂಂ ಗೌಡ್ರೇ, ಸೂತಕ” ಎಂದೆ.

“ಎಷ್ಟ್ ದಿನದ್ದು?”

“ಸ್ವಲ್ಪ ಉದ್ದ ಇದೆ” ಎಂದೆ. ಲೆಕ್ಕ ಹಾಕಿದರೆ ಸುಮಾರು 48 ವರ್ಷದ್ದು.

ದೇವರಿದ್ದಾನೋ ಇಲ್ಲವೋ ಎಂದು ಯೋಚಿಸಲು ಮನುಷ್ಯನಿಗೆ ಇಡೀ ಆಯುಸ್ಸು ಇದೆ. ಆದರೆ ಪೂಜಾರಪ್ಪ ಉದ್ಧರಣೆ ಹಿಡಿದು ಎದುರಿಗೆ ಬಂದಾಗ ತೀರ್ಥಕ್ಕೆ ಕೈ ಒಡ್ಡಬೇಕೋ ಬೇಡವೋ ಎಂದು ತೀರ್ಮಾನಿಸಲು ಸಿಗುವುದು ಎರಡು ಸೆಕೆಂಡು. ನಾಸ್ತಿಕನ ಕಷ್ಟಗಳೆಲ್ಲ ಈ ಎರಡು ಸೆಕೆಂಡಿನವು. ಒಡ್ಡದಿದ್ದರೆ ಮನೆಯೊಡೆಯ ಮುಖ ಸಣ್ಣದು ಮಾಡಿಕೊಳ್ಳುತ್ತಾನೆ. ಒಡ್ಡಿದರೆ ಪಕ್ಕದಲ್ಲಿ ನಿಂತ ಹಳೆಯ ಶಿಷ್ಯ, “ಏನ್ ಸಾರ್, ಕ್ಲಾಸಲ್ಲಿ ಬೇರೆ ಹೇಳ್ತಿದ್ರಿ” ಎಂದು ಹಲ್ಲು ಕಿರಿಯುತ್ತಾನೆ. ನಾನು ಮೂವತ್ತೈದು ವರ್ಷ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿದವನು. ಈ ತಾಲ್ಲೂಕಿನ ಯಾವ ಗೃಹಪ್ರವೇಶಕ್ಕೆ ಹೋದರೂ ಒಬ್ಬ ಹಳೆಯ ಶಿಷ್ಯ ಇದ್ದೇ ಇರುತ್ತಾನೆ. ಬಹಳ ಕಾಲ ತಿಣುಕಾಡಿ, ತುಳಸಿ ಪಚ್ಚಕರ್ಪೂರ ಹಾಕಿದ ನೀರು ಕುಡಿದರೆ ನನ್ನ ಅಭಿಪ್ರಾಯವೇನೂ ಕರಗಿಹೋಗುವುದಿಲ್ಲ ಎಂಬ ತೀರ್ಮಾನಕ್ಕೆ ಬಂದೆ. ಇನ್ನು ಪ್ರಸಾದದ ವಿಷಯದಲ್ಲಿ ನನ್ನ ನಾಸ್ತಿಕತೆ ಮೊದಲಿನಿಂದಲೂ ಉದಾರವಾಗಿದೆ. ಅದರಲ್ಲೂ ಪುಳಿಯೋಗರೆಯಾದರೆ ಎರಡನೇ ಸಲವೂ ಕೈ ಚಾಚುತ್ತೇನೆ.

ಎಲ್ಲರೂ ನನ್ನಂತಲ್ಲ. ನಮ್ಮಲ್ಲೂ ಮಡಿಯವರಿದ್ದಾರೆ. ಚಿಂತಾಮಣಿ ಕಡೆಯ ನನ್ನ ಸ್ನೇಹಿತನೊಬ್ಬ ಮದುವೆ ಮನೆಗೆ ಹೋದರೆ ನೇರ ಅಡುಗೆಯವರ ಹತ್ತಿರ ಹೋಗಿ, ನೈವೇದ್ಯಕ್ಕೆ ಇಟ್ಟ ಪಾಯಸ ಯಾವುದು, ಇಡದ್ದು ಯಾವುದು ಎಂದು ವಿಚಾರಿಸಿಕೊಂಡು, ಇಡದ ಪಾತ್ರೆಯದನ್ನೇ ಬಡಿಸಿಕೊಳ್ಳುತ್ತಾನೆ. ಅವನ ಅಜ್ಜಿಯನ್ನು ನಾನು ಕಂಡಿದ್ದೆ. ನೈವೇದ್ಯ ಆಗದ್ದನ್ನು ಆಕೆ ಮುಟ್ಟುತ್ತಿರಲಿಲ್ಲ. ಅಜ್ಜಿಯ ಮಡಿ ಮೊಮ್ಮಗನಿಗೆ ಬಂದಿದೆ, ಪಾತ್ರೆ ಮಾತ್ರ ಬದಲಾಗಿದೆ.

ನನಗೆ ಈ ಸೂತಕ ಅಂಟಿದ್ದು ಬೆಂಗಳೂರಿನಲ್ಲಿ. ಅಂಟಿಸಿದವರು ಮಾತ್ರ ನಮ್ಮ ಕಡೆಯವರೇ. ಗೌರಿಬಿದನೂರು ತಾಲ್ಲೂಕು ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯ, ನಮ್ಮೆಲ್ಲರ ಬಾಯಲ್ಲಿ ಎಚ್ಚೆನ್. ಬಡ ಮನೆಯ ಹುಡುಗ. ತಮ್ಮ ಮೇಷ್ಟ್ರಿಗೆ ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ವರ್ಗವಾಯಿತೆಂದು ತಿಳಿದು, ಬಸ್ಸಿಗೆ ಕಾಸಿಲ್ಲದೆ 1935ರಲ್ಲಿ ಎರಡು ದಿನ ನಡೆದುಕೊಂಡೇ ಬೆಂಗಳೂರು ಸೇರಿದರು. ಗುರುವನ್ನು ನಂಬಿ ನಡೆದದ್ದು. ಪಾದಯಾತ್ರೆ ಎಂದರೆ ಅವರು ಒಪ್ಪುತ್ತಿದ್ದರೋ ಇಲ್ಲವೋ, ನಾನಂತೂ ಹಾಗೆಂದೇ ಕರೆಯುತ್ತೇನೆ. ಮುಂದೆ 1942ರ ಚಳವಳಿಯಲ್ಲಿ ಜೈಲು, ಅಮೆರಿಕದ ಓಹಾಯೋದಲ್ಲಿ ಭೌತವಿಜ್ಞಾನದ ಡಾಕ್ಟರೇಟು, ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲಗಿರಿ, 1972ರಿಂದ 77ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಸ್ಥಾನ. ಇಷ್ಟಾದರೂ ಖಾದಿ, ಗಾಂಧಿ ಟೋಪಿ, ಹಾಸ್ಟೆಲಿನ ಒಂದು ಕೋಣೆ ಬಿಡಲಿಲ್ಲ. ಮದುವೆಯಾಗಲಿಲ್ಲ, ಸಂಪಾದನೆ ಕೂಡಿಡಲಿಲ್ಲ. ಸನ್ಯಾಸಿಯ ಲಕ್ಷಣಗಳೆಲ್ಲ ಇದ್ದವು, ದೇವರೊಬ್ಬ ಕಡಿಮೆ.

ಅವರು 1962ರಲ್ಲಿ ಕಟ್ಟಿದ ಬೆಂಗಳೂರು ಸೈನ್ಸ್ ಫೋರಂನ ಉಪನ್ಯಾಸಗಳಿಗೆ ನಾನು ಡಿಗ್ರಿ ಓದುವಾಗ ಹೋಗುತ್ತಿದ್ದೆ. ಉಪನ್ಯಾಸಕ್ಕಿಂತ ಅದು ಮುಗಿದ ಮೇಲೆ ಏಳುತ್ತಿದ್ದ ಪ್ರಶ್ನೆಗಳು ರುಚಿ. ಯಾರು ಹೇಳಿದರೂ ಪ್ರಶ್ನೆ ಕೇಳದೆ ಒಪ್ಪಬೇಡ ಎಂಬುದು ಆ ಮನೆಯ ಮಂತ್ರ. ಮಂತ್ರ ಎಂಬ ಮಾತನ್ನು ಅವರು ಕ್ಷಮಿಸಲಿ.

ಅದೇ ಬಿಸಿಯಲ್ಲಿ 1977ರ ಬೇಸಿಗೆ ರಜಕ್ಕೆ ಊರಿಗೆ ಬಂದೆ. ದೊಡ್ಡಮ್ಮನ ಮೊಮ್ಮಗುವಿಗೆ ಜ್ವರ ಹಿಡಿದು ಹನ್ನೆರಡು ದಿನವಾಗಿತ್ತು. ಟೈಫಾಯ್ಡು, ಡಾಕ್ಟರ ಔಷಧಿ ನಡೆಯುತ್ತಿತ್ತು. ಮಗುವಿನ ತೋಳಿನಲ್ಲಿ ಒಂದು ಕಪ್ಪು ದಾರ. ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದಲ್ಲಿ ಅಮ್ಮಾಜಾನ್ ಬಾವಾಜಾನ್ ದರ್ಗಾ ಇದೆಯಲ್ಲ, ಅಲ್ಲಿಂದ ತಂದದ್ದು. ಆ ದರ್ಗಾಕ್ಕೆ ಹಿಂದೂಗಳು ಮುಸ್ಲಿಮರು ಎನ್ನದೆ ಎಲ್ಲರೂ ಹೋಗುತ್ತಾರೆ. ನಾನು ಪಡಸಾಲೆಯಲ್ಲಿ ಹತ್ತು ಜನರ ಎದುರಿಗೆ ಆ ದಾರವನ್ನು ಬ್ಲೇಡಿನಲ್ಲಿ ಕತ್ತರಿಸಿ, ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾಗೆ ದಾರದ ಹೆದರಿಕೆ ಇಲ್ಲ ಎಂದು ಒಂದು ಭಾಷಣ ಬಿಗಿದೆ. ಯಾರೂ ಮಾತಾಡಲಿಲ್ಲ. ನಾನು ಗೆದ್ದೆ ಎಂದುಕೊಂಡೆ.

ಮಗುವಿನ ಜ್ವರ ಔಷಧಿಯ ಲೆಕ್ಕಕ್ಕೆ ತಕ್ಕಂತೆ ಇಳಿಯಿತು. ದೊಡ್ಡಮ್ಮ ಮಾತ್ರ ನನ್ನೊಡನೆ ಮಾತು ಬಿಟ್ಟರು. ಎಷ್ಟೋ ತಿಂಗಳ ಮೇಲೆ, ನಾನು ರಾಗಿಮುದ್ದೆ ಮುಂದೆ ಇಟ್ಟುಕೊಂಡು ಕೂತಿದ್ದಾಗ, ಸಾರು ಬಡಿಸುತ್ತಾ ಹೇಳಿದರು: “ದಾರ ಕಿತ್ತಾಕಿದ್ದಕ್ಕಲ್ಲ ಕಣಪ್ಪ. ಆ ಬಿಸ್ಲಾಗೆ ಮೂರ್ ಬಸ್ ಬದ್ಲಾಯ್ಸಿ ಹೋಗಿ ಬಂದಿದ್ದೆ. ಯಾಕ್ ದೊಡ್ಡಮ್ಮ ಅಂತ ಒಂದ್ ಮಾತ್ ಕೇಳ್ಬೋದಾಗಿತ್ತು.”

ಪ್ರಶ್ನೆ ಕೇಳು ಎಂದು ಕಲಿತು ಬಂದವನು ಕೇಳಬೇಕಾದ ಒಂದು ಪ್ರಶ್ನೆಯನ್ನೇ ಕೇಳಿರಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದರೋ. ಡಾಕ್ಟರು ಔಷಧಿ ಕೊಟ್ಟಿದ್ದಾರೆ, ಮಗುವಿನ ತಾಯಿ ಪಕ್ಕದಲ್ಲಿ ಕೂತಿದ್ದಾಳೆ, ಗಂಡಸರು ಆಸ್ಪತ್ರೆಗೆ ಓಡಾಡುತ್ತಿದ್ದಾರೆ, ಅರವತ್ತು ದಾಟಿದ ಹೆಂಗಸು ತಾನೇನು ಮಾಡಬೇಕು? ಬಸ್ಸು ಹತ್ತಿದರು. ಆ ದಾರ ಬ್ಯಾಕ್ಟೀರಿಯಾದ ಮೇಲೆ ಕೆಲಸ ಮಾಡಲು ಕಟ್ಟಿದ್ದಾಗಿರಲಿಲ್ಲ. ಇದು ನನಗೆ ಹೊಳೆಯಲು ಬಹಳ ವರ್ಷ ಹಿಡಿಯಿತು. ಹೊಳೆಯುವ ಹೊತ್ತಿಗೆ ದೊಡ್ಡಮ್ಮ ಇರಲಿಲ್ಲ.

ಎಚ್ಚೆನ್ ಹಾಗಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಅವರು 1976ರಲ್ಲಿ ವಿಶ್ವವಿದ್ಯಾಲಯದಿಂದ ಪವಾಡಗಳ ತನಿಖೆಗೆಂದೇ ಒಂದು ಸಮಿತಿ ಮಾಡಿದರಲ್ಲ, ಆಗ ಕೈ ಹಾಕಿದ್ದು ಯಾರ ತೋಳಿನ ದಾರಕ್ಕೂ ಅಲ್ಲ. ಪುಟ್ಟಪರ್ತಿಯ ಸತ್ಯಸಾಯಿ ಬಾಬಾರಿಗೆ ಮೂರು ಕಾಗದ ಬರೆದು, ನಿಮ್ಮ ಪವಾಡಗಳನ್ನು ನಮ್ಮ ಎದುರಿಗೆ ಪರೀಕ್ಷೆಗೆ ಒಡ್ಡಿ ಎಂದು ಕೇಳಿದರು. ಉಂಗುರ ಬೇಡ, ಜುಬ್ಬದ ತೋಳಿನಲ್ಲಿ ಅಡಗದ ಒಂದು ಕುಂಬಳಕಾಯಿ ಸೃಷ್ಟಿಸಿ ಕೊಡಿ ಎಂದರೆಂಬುದು ನಮ್ಮ ಕಡೆ ಇವತ್ತಿಗೂ ಜನರ ಬಾಯಲ್ಲಿದೆ. ಉತ್ತರ ಬರಲಿಲ್ಲ. ಪಾಂಡವಪುರದಲ್ಲಿ ಒಬ್ಬ ಹುಡುಗ ಕೈಯಿಂದ ವಿಭೂತಿ ಉದುರಿಸುತ್ತಾನೆಂದು ಜನ ಮುಗಿಬಿದ್ದಾಗ ಸಮಿತಿಯವರು ಅಲ್ಲಿಗೂ ಹೋಗಿ ಗುಟ್ಟು ರಟ್ಟು ಮಾಡಿದರು. ಮರುವರ್ಷವೇ ಸಮಿತಿ ಮುಚ್ಚಿತು. ಕೇಳಿದ್ದು ವೇದಿಕೆಯ ಮೇಲೆ ಕೂತವರನ್ನು. ಕೆಳಗೆ ಕೈ ಮುಗಿದು ಕೂತವರನ್ನಲ್ಲ. ನಾನು ಅವರ ಧೈರ್ಯ ನೋಡಿದೆ, ಗುರಿ ನೋಡಲಿಲ್ಲ. ಬಾಬಾಗೆ ಕಾಗದ ಬರೆಯುವ ಯೋಗ್ಯತೆ ನನಗಿರಲಿಲ್ಲ, ದೊಡ್ಡಮ್ಮ ಸುಲಭವಾಗಿ ಸಿಕ್ಕಿದರು.

ಇಲ್ಲಿ ಒಂದು ತಮಾಷೆ ಹೇಳದೆ ಮುಂದೆ ಹೋಗಲಾರೆ. ಎಚ್ಚೆನ್ ಓದಿ ಬೆಳೆದ ಆ ನ್ಯಾಷನಲ್ ಸಂಸ್ಥೆ 1917ರಲ್ಲಿ ಶುರುವಾದದ್ದು ಆನಿ ಬೆಸೆಂಟರ ಪ್ರೇರಣೆಯಿಂದ. ಆಕೆ ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಬ್ರಾಡ್ಲಾ ಜೊತೆ ಊರೂರು ತಿರುಗಿ ದೇವರಿಲ್ಲ ಎಂದು ಭಾಷಣ ಮಾಡಿದ ಹೆಂಗಸು. 1889ರಲ್ಲಿ ಬ್ಲಾವಟ್‌ಸ್ಕಿಯ ಪುಸ್ತಕ ಓದಿ ಥಿಯಾಸಫಿ ಸೇರಿ, ಪುನರ್ಜನ್ಮ, ಮಹಾತ್ಮರು, ಜಗದ್ಗುರು ಎಂದು ಶುರು ಮಾಡಿದರು. ನಾಸ್ತಿಕತೆ ಬಿಟ್ಟವರು ನೆಟ್ಟ ಗಿಡದಲ್ಲಿ ವಿಚಾರವಾದಿ ಬಿಟ್ಟ. ಹೀಗಿರುವಾಗ ಇವತ್ತು ನಮ್ಮ ಎದುರು ಕೂತ ಭಕ್ತ ನಾಳೆ ಏನಾಗುತ್ತಾನೋ, ನಾವೇ ಏನಾಗುತ್ತೇವೋ, ಯಾರು ಬಲ್ಲರು? ನನಗೆ ಮೊನ್ನೆ ಎದೆನೋವು ಬಂದಾಗ ಬಾಯಲ್ಲಿ “ಅಯ್ಯೋ ರಾಮ” ಎಂದೇ ಬಂತು. ಅದು ಗ್ಯಾಸು ಎಂದು ಗೊತ್ತಾದ ಮೇಲೆ ಹಿಂದಕ್ಕೆ ತೆಗೆದುಕೊಂಡೆ.

ಎದೆನೋವು ಎಂದಾಗ ನೆನಪಾಯಿತು. ಬಾಗೇಪಲ್ಲಿ ದಾಟಿದರೆ ಆಂಧ್ರ, ಅಲ್ಲಿಂದ ಪುಟ್ಟಪರ್ತಿ ದೂರವಲ್ಲ. 1991ರಲ್ಲಿ ಅಲ್ಲಿ ಬಾಬಾರ ದೊಡ್ಡ ಆಸ್ಪತ್ರೆ ಶುರುವಾಗಿ, ಹೃದಯದ ಆಪರೇಷನ್ನನ್ನು ಕಾಸು ತೆಗೆದುಕೊಳ್ಳದೆ ಮಾಡತೊಡಗಿದರು. ಬಾಗೇಪಲ್ಲಿಯಲ್ಲಿ ನನ್ನ ಜೊತೆ ಕೆಲಸ ಮಾಡಿದ ಮೇಷ್ಟ್ರೊಬ್ಬರ ಮನೆಯ ಗೋಡೆಯಲ್ಲಿ ಎಚ್ಚೆನ್ ಪಟ ಒಂದಿದೆ, ಅವರು ಎಚ್ಚೆನ್ ಶಿಷ್ಯರು. ಅದರ ಪಕ್ಕದಲ್ಲೇ ಬಾಬಾ ಪಟ. ಅವರ ತಮ್ಮನ ಎದೆ ಆ ಆಸ್ಪತ್ರೆಯಲ್ಲಿ ರಿಪೇರಿಯಾಯಿತು, ಪಟ ಆ ತಮ್ಮನ ಹೆಂಡತಿ ತಂದು ಹಾಕಿದ್ದು. “ಏನ್ ಸಾರ್ ಇದು?” ಎಂದು ನಾನು ಕೇಳಿದೆ. (ಈ ಹೊತ್ತಿಗೆ ಕೇಳುವುದು ಕಲಿತಿದ್ದೆ.) “ಉಂಗುರದ ವಿಷಯದಲ್ಲಿ ನಾನು ಈ ಪಟದ ಕಡೆ, ವಾಲ್ವಿನ ವಿಷಯದಲ್ಲಿ ಅವಳು ಆ ಪಟದ ಕಡೆ. ಮೊಳೆ ಎರಡೂ ನಾನೇ ಹೊಡೆದದ್ದು” ಎಂದರು. ಕುಂಬಳಕಾಯಿಯ ಪ್ರಶ್ನೆಗೆ ಆಸ್ಪತ್ರೆ ಉತ್ತರವಾಗುವುದಿಲ್ಲ ಎಂದು ನಾನು ಈಗಲೂ ವಾದಿಸಬಲ್ಲೆ. ಆದರೆ ಆ ಮನೆಯಲ್ಲಿ ವಾದಿಸಲಾರೆ, ಆ ತಮ್ಮನೇ ನನಗೆ ಕಾಫಿ ತಂದುಕೊಟ್ಟ.

ನಾದಿನಿಯ ಮನೆ ಶಿಡ್ಲಘಟ್ಟದ ಹತ್ತಿರ ಹಳ್ಳಿಯಲ್ಲಿ, ರೇಷ್ಮೆ ಹುಳು ಸಾಕುತ್ತಾರೆ. ಹುಳುಮನೆಗೆ ಹೊರಗಿನವರನ್ನು ಬಿಡುವುದಿಲ್ಲ, ದೃಷ್ಟಿಯಾಗುತ್ತದಂತೆ. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಎದ್ದು ಹುಳು ಸೊಪ್ಪಿಗೆ ಬಿದ್ದಾಗಲಂತೂ ಸ್ವಂತ ಭಾವನಾದ ನನಗೂ ಬಾಗಿಲಲ್ಲೇ ತಡೆ. ಹೊರಗಿನವರ ಕಾಲಿನಿಂದ ಕೈಯಿಂದ ಹುಳುವಿಗೆ ರೋಗ ಬರುತ್ತದೆ, ಅದಕ್ಕೇ ಇಲಾಖೆಯವರು ಸುಣ್ಣ, ಬ್ಲೀಚಿಂಗ್ ಪುಡಿ ಎಂದು ಬಡಿದುಕೊಳ್ಳುವುದು ಎಂದು ಒಮ್ಮೆ ವಿವರಿಸಲು ಹೋದೆ. “ಅದೇ ಭಾವ ನಾನೂ ಹೇಳಿದ್ದು” ಎಂದಳು. ಅವಳ ಕಾರಣಕ್ಕೂ ನನ್ನ ಕಾರಣಕ್ಕೂ ಸಂಬಂಧವಿಲ್ಲ, ಚಪ್ಪಲಿ ಮಾತ್ರ ಎರಡರ ಪ್ರಕಾರವೂ ಹೊರಗೇ. ಇಂಥ ಕಡೆ ಕಾರಣ ತಿದ್ದುವುದಕ್ಕಿಂತ ಚಪ್ಪಲಿ ಬಿಡುವುದು ಲೇಸು.

ಆದರೆ ಎಲ್ಲ ಬಾಗಿಲೂ ಹಾಗಿರುವುದಿಲ್ಲ. ಅವಳ ಗಂಡ, ನನ್ನ ಷಡ್ಡಕ, ಬೋರ್‌ವೆಲ್ ಕೊರೆಸಲು ಹೊರಟ. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ, ನಾಲೆ ಇಲ್ಲ. ಸಾವಿರ ಅಡಿ ಇಳಿದರೂ ನೀರು ಸಿಕ್ಕೀತೆಂದು ಭರವಸೆಯಿಲ್ಲ. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲದಲ್ಲಿ ನಡೆಯುವವನೊಬ್ಬ ಬಂದ. ಕಾಯಿ ಎದ್ದು ನಿಂತ ಕಡೆ ಗಂಗೆ. ನಾನು ಪಟ್ಟು ಹಿಡಿದು ಭೂಗರ್ಭದವರನ್ನೂ ಕರೆಸಿದೆ. ಅವರು ಯಂತ್ರ ಇಟ್ಟು ಬೇರೊಂದು ಜಾಗ ತೋರಿಸಿದರು. ಷಡ್ಡಕ ಯಾರ ಮನಸ್ಸೂ ನೋಯಿಸದೆ ಎರಡೂ ಕಡೆ ಕೊರೆಸಿದ. ಎರಡರಲ್ಲೂ ಧೂಳು. ಅಲ್ಲಿಯವರೆಗೆ ವಿಜ್ಞಾನವೂ ತೆಂಗಿನಕಾಯಿಯೂ ಸರಿಸಮ. ಭೂಗರ್ಭದವರು ಬಂದು, ಕೆಳಗೆ ಬಿರುಕು ಇದ್ದರೂ ಅದರಲ್ಲಿ ನೀರು ಬತ್ತಿರಬಹುದು, ನಮ್ಮ ಲೆಕ್ಕ ತಪ್ಪಿತು ಎಂದರು. ತೆಂಗಿನಕಾಯಿಯವನು ತನ್ನ ಲೆಕ್ಕ ತಪ್ಪಲಿಲ್ಲ ಎಂದ. ಕೊರೆಯುವ ದಿನ ಮನೆಯ ಹೆಣ್ಣುಮಗಳು ಹೊರಗಾಗಿದ್ದವಳು ಹೊಲಕ್ಕೆ ಕಾಲಿಟ್ಟಿದ್ದಾಳೆ, ಗಂಗಮ್ಮ ಸರಿದುಹೋದಳು ಎಂದ. ಲಕ್ಷಗಟ್ಟಲೆ ಸಾಲ ಮೈಮೇಲೆ ಬಿದ್ದ ಮನೆಯಲ್ಲಿ ನಾದಿನಿಯ ಮುಖ ಆಗ ನೋಡಬೇಕಿತ್ತು. ಮೂವತ್ತು ವರ್ಷ ಹುಷಾರಾಗಿ ಕಟ್ಟಿಕೊಂಡಿದ್ದ ನನ್ನ ಸೌಜನ್ಯ ಅಲ್ಲಿ ಕಿತ್ತುಹೋಯಿತು. ಅವನನ್ನು ಹೊಲದ ಬದುವಿನವರೆಗೆ ಅಟ್ಟಿಸಿಕೊಂಡು ಹೋಗಿ, ಕೊಟ್ಟ ದುಡ್ಡು ವಾಪಸ್ಸು ಇಡಿಸಿದೆ. ಅತ್ತೆ, ನನ್ನ ದೈವಭಕ್ತೆ ಅತ್ತೆ, ಪೊರಕೆ ಹಿಡಿದು ನನ್ನ ಹಿಂದೆಯೇ ಬಂದರು.

ಪೊರಕೆ ಎತ್ತಲು ಅತ್ತೆಗೆ ನಾಸ್ತಿಕಳಾಗಬೇಕು ಅನ್ನಿಸಲಿಲ್ಲ. ಆವತ್ತಿನಿಂದ ನಾನು ಅವರನ್ನು ತಿದ್ದುವ ಯೋಚನೆ ಬಿಟ್ಟೆ. ಇಂಥವರು ಬೇಕು. ಇವರ ಭಕ್ತಿ ಬೇರೆ, ತೆಂಗಿನಕಾಯಿಯವನ ಮಾತು ಬೇರೆ. ಕರ್ನಾಟಕದಲ್ಲಿ 2017ರಲ್ಲಿ ಅಮಾನವೀಯ ಅನಿಷ್ಟ ಪದ್ಧತಿಗಳ ವಿರುದ್ಧ ಕಾನೂನಾಯಿತಲ್ಲ, ಅದು ಪ್ರದಕ್ಷಿಣೆ ಹಾಕುವವರನ್ನೂ ಭಜನೆ ಮಾಡುವವರನ್ನೂ ಮುಟ್ಟದೆ, ಮೈಗೆ ಮರ್ಯಾದೆಗೆ ಘಾಸಿ ಮಾಡುವುದನ್ನು ಹಿಡಿಯಲು ಹೊರಟಿತು. ವಾಸ್ತು ಜ್ಯೋತಿಷ್ಯಗಳನ್ನೂ ಹೊರಗೆ ಬಿಟ್ಟರು ಎಂಬುದು ನನಗೆ ಇವತ್ತಿಗೂ ಕಹಿ, ಹೋಗಲಿ.

ನೀರಿನ ಮಾತಿಗೆ ಬಾಲಂಗೋಚಿ ಒಂದಿದೆ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ಬಿಡುವ ಯೋಜನೆಗೆ ಎಚ್.ಎನ್. ವ್ಯಾಲಿ ಎಂದು ಹೆಸರು. ಹೆಬ್ಬಾಳ-ನಾಗವಾರ ಎಂದು ಅದರ ಅರ್ಥ. ನಮ್ಮ ಊರಿನ ಒಬ್ಬರು ಮಾತ್ರ ಅದು ನಮ್ಮ ಎಚ್ಚೆನ್ ಹೆಸರೇ ಎಂದು ಬಹಳ ದಿನ ನಂಬಿದ್ದರು, ನಾನೂ ತಿದ್ದಲಿಲ್ಲ. ಒಣಗಿದ್ದ ಕೆರೆಗೆ ನೀರು ಬಂದ ದಿನ ಹೆಂಗಸರು ಅರಿಶಿನ ಕುಂಕುಮ ಹಾಕಿ ಗಂಗಮ್ಮನಿಗೆ ಕೈ ಮುಗಿದರು. ಗಂಗಮ್ಮನ ತವರು ಬೆಂಗಳೂರಿನ ಬಚ್ಚಲು ಎಂಬುದು ಅವರಿಗೆ ಗೊತ್ತಿರಲಿಲ್ಲ ಎಂದಲ್ಲ. “ಎಲ್ಲಿಂದ ಬಂದ್ರೇನು ಮೇಷ್ಟ್ರೇ, ನೀರು ನೀರೇ” ಎಂದಳು ಒಬ್ಬಾಕೆ. ಸಂಸ್ಕರಣೆ ಇನ್ನೊಂದು ಹಂತ ಆಗಬೇಕು ಎಂದು ಅರ್ಜಿಗೆ ಸಹಿ ಕೇಳಲು ಹೋದಾಗ ಮೊದಲು ಸಹಿ ಹಾಕಿದವಳೂ ಅವಳೇ.

ಮಗಳ ಮದುವೆಯಲ್ಲಿ ಮತ್ತೊಂದು ಪೇಚು. ರಿಜಿಸ್ಟರ್ ಆಫೀಸು ಸಾಕು ಎಂದು ನಾನು, ಮುಹೂರ್ತವಿಲ್ಲದೆ ಆಗದು ಎಂದು ಅವಳಮ್ಮ. ಧಾರೆ ಎರೆಯಬೇಕಾದವನು ನಾನೇ. ಆಗ ಗೋರಾ ನೆನಪಿಗೆ ಬಂದರು. ವಿಜಯವಾಡದ ಗೋಪರಾಜು ರಾಮಚಂದ್ರರಾವ್, ಕಟ್ಟಾ ನಾಸ್ತಿಕ, ಗಾಂಧಿಯ ಆಶ್ರಮಕ್ಕೇ ಹೋಗಿ ದೇವರಿಲ್ಲ ಎಂದು ವಾದಿಸಿದವರು. ಅವರ ಮಗಳಿಗೂ ಅಸ್ಪೃಶ್ಯರೆನಿಸಿಕೊಂಡವರ ಮನೆಯ ಹುಡುಗನಿಗೂ ಮದುವೆ ಗೊತ್ತಾದಾಗ ಗಾಂಧಿ ತಾವೇ ಸೇವಾಗ್ರಾಮದಲ್ಲಿ ನಡೆಸಿಕೊಡುತ್ತೇನೆಂದರು. ಅಷ್ಟೇ ಅಲ್ಲ, ದೇವರ ಹೆಸರು ತೆಗೆಯದೆ ಸತ್ಯದ ಹೆಸರಿನಲ್ಲಿ ಮಾಡಿಸುತ್ತೇನೆಂದು ಒಪ್ಪಿದರು. ಅವರು ಗುಂಡಿಗೆ ಬಲಿಯಾದ ಮೇಲೆ 1948ರ ಮಾರ್ಚಿನಲ್ಲಿ ಆ ಮದುವೆ ಹಾಗೆಯೇ ಅಲ್ಲೇ ನಡೆಯಿತು. ಬಾಯಿ ತೆರೆದರೆ ರಾಮ ಎನ್ನುವ ಮನುಷ್ಯ ನಾಸ್ತಿಕನ ಮಗಳಿಗಾಗಿ ದೇವರ ಹೆಸರನ್ನೇ ಪಕ್ಕಕ್ಕಿಟ್ಟರೆ, ಸ್ವಂತ ಮಗಳಿಗಾಗಿ ಒಂದು ಚೊಂಬು ನೀರು ಎರೆಯಲು ನನಗೇನು ಬಂದಿದೆ? ಎರೆದೆ. ಮಂತ್ರದ ಅರ್ಥ ಏನೆಂದು ಪುರೋಹಿತರನ್ನು ನಡುವೆ ಎರಡು ಸಲ ಕೇಳಿದ್ದಕ್ಕೆ ಮುಹೂರ್ತ ಮೀರುತ್ತದೆಂದು ಹೆಂಡತಿ ಚಿವುಟಿದಳು.

ಸೌಜನ್ಯವೆಲ್ಲ ನಮ್ಮ ಕಡೆಯಿಂದಲೇ ಯಾಕೆ ಎಂದು ಚಿಂತಾಮಣಿಯ ಆ ಮಡಿ ಸ್ನೇಹಿತ ಕೇಳುತ್ತಾನೆ. ಪುಣೆಯಲ್ಲಿ ಮೂಢನಂಬಿಕೆ ವಿರುದ್ಧ ಹೋರಾಡಿದ ದಾಭೋಲ್ಕರರನ್ನು ಬೆಳಗಿನ ವಾಕಿಂಗಿನಲ್ಲಿ, ಧಾರವಾಡದಲ್ಲಿ ಸಂಶೋಧಕ ಕಲಬುರ್ಗಿಯವರನ್ನು ಮನೆಯ ಬಾಗಿಲಲ್ಲಿ ಗುಂಡಿಕ್ಕಿದರಲ್ಲ, ನಾವು ಯಾರ ಬಾಗಿಲು ತಟ್ಟಿದೆವು ಎನ್ನುತ್ತಾನೆ. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಆದರೆ ಆ ಗುಂಡಿನ ಲೆಕ್ಕವನ್ನು ನಮ್ಮತ್ತೆಯ ಹಾಲಿನ ತಂಬಿಗೆಯ ಖಾತೆಗೆ ಬರೆಯಲು ನನ್ನ ಕೈ ಬರುವುದಿಲ್ಲ ಎಂದಷ್ಟೇ ಹೇಳುತ್ತೇನೆ. ಅವನು ಒಪ್ಪುವುದಿಲ್ಲ. ಇಬ್ಬರೂ ಒಂದೇ ಪ್ಲೇಟು ಮಸಾಲೆ ಕಡಲೆಪುರಿ ತಿಂದು ಏಳುತ್ತೇವೆ.

ಹಾಂ, ವಿದುರಾಶ್ವತ್ಥ. ನಾನು ಕೂರುವ ಜಾಗದಿಂದ ಹುತಾತ್ಮರ ಸ್ಮಾರಕ ಹತ್ತಿರ. ಬ್ರಿಟಿಷರ ಕಾಲದ ಮೈಸೂರು ಸರ್ಕಾರ ಕಾಂಗ್ರೆಸ್ ಬಾವುಟ ಹಾರಿಸಬಾರದೆಂದಾಗ ಸತ್ಯಾಗ್ರಹಕ್ಕೆ ಆರಿಸಿಕೊಂಡದ್ದು ಇಲ್ಲಿನ ಜಾತ್ರೆಯನ್ನು. 1938ರ ಏಪ್ರಿಲ್ 25ರಂದು ಪೊಲೀಸರು ಗುಂಡು ಹಾರಿಸಿದರು. ಸತ್ತವರೆಷ್ಟು ಎಂಬುದರಲ್ಲಿ ಸರ್ಕಾರದ ಲೆಕ್ಕವೇ ಬೇರೆ, ಊರಿನ ಲೆಕ್ಕವೇ ಬೇರೆ. ಊರಿನದು 30 ದಾಟುತ್ತದೆ. ನಾಗಪ್ಪನಿಗೆ ಹಾಲೆರೆಯಲು ಬಂದವರು, ತೇರು ನೋಡಲು ಬಂದವರು, ಬಾವುಟಕ್ಕೆಂದೇ ಬಂದವರು ಎಲ್ಲರೂ ಆ ಗುಂಪಿನಲ್ಲಿ ಕಲೆತಿದ್ದರು. ಗುಂಡು ಬಿಡುವವರು ಯಾರು ಭಕ್ತ, ಯಾರು ಅಲ್ಲ ಎಂದು ವಿಚಾರಿಸಲಿಲ್ಲ. ಆವತ್ತು ಇಲ್ಲಿ ಎಷ್ಟು ಜೊತೆ ಚಪ್ಪಲಿ ವಾರಸುದಾರರಿಲ್ಲದೆ ಉಳಿದವೋ ಎಂದು ಕೂತಾಗಲೆಲ್ಲ ಯೋಚನೆ ಬರುತ್ತದೆ. ಆಮೇಲೆ ಅಂದಿನ ರೈತರಲ್ಲಿ ಎಷ್ಟು ಜನಕ್ಕೆ ಚಪ್ಪಲಿ ಇದ್ದೀತು ಎಂದೂ ಬರುತ್ತದೆ. ಆವತ್ತಿನದನ್ನೆಲ್ಲ ಕಂಡಿದ್ದ, ಪೂಜೆಗೊಳ್ಳುತ್ತಿದ್ದ ಇಲ್ಲಿನ ಹಳೆಯ ಅಶ್ವತ್ಥ ಮರ 2001ರಲ್ಲಿ ಬಿತ್ತು.

ಸೂತಕ ವಿಚಾರಿಸಿದ ಗೌಡರು ಆವತ್ತು ಒಂದು ನಿಮಿಷ ಯೋಚನೆ ಮಾಡಿ, ತಮ್ಮ ಟೈರಿನ ಮೆಟ್ಟನ್ನು ಬಿಚ್ಚಿ ನನ್ನ ಕಾಲ ಹತ್ತಿರ ನೂಕಿದರು. “ಎಂಗೂ ಕುಂತಿದೀರ, ನಮ್ದೂ ಒಂದ್ ಜೊತೆ ನೋಡ್ಕಳಿ ಸಾ. ಹೋದ್ ಸಲ ಹೊಸಾವು ಹೋದ್ವು” ಎಂದು ಕಾಯಿ ಹಿಡಿದು ಒಳಗೆ ಹೋದರು.

ಮುಕ್ಕಾಲು ಗಂಟೆಯ ಮೇಲೆ ನಮ್ಮವರು ಬಂದರು. ಅತ್ತೆ ನನ್ನ ಕೈಗೆ ಬಾಳೆಹಣ್ಣಿನ ಚೂರಿಟ್ಟು, ಚಪ್ಪಲಿ ಮೆಟ್ಟಲು ಬಗ್ಗಿದವರು ಎಣಿಸಿ ನೋಡಿ ತಲೆಯೆತ್ತಿದರು.

“ಇದೇನಪ್ಪ, ಒಂದು ಜೊತೆ ಜಾಸ್ತಿ ಐತಲ್ಲ. ಯಾರ್ದು?”